ಮೇಜಿನ ಕೆಳಗಿನ ನಮಸ್ಕಾರ

ಹೊನ್ನಾವರ ಕಡೆಯ ಸ್ವಾಮಿಗಳೊಬ್ಬರನ್ನು ವಿದೇಶದ ಶಿಷ್ಯರು ವೇದಾಂತ ಕಲಿಸಲು ಅಲ್ಲಿಗೇ ಬಂದು ನೆಲೆಸಿ ಎಂದು ಕರೆದಿದ್ದರು. ಅದಕ್ಕೆ ಬೇಕಾದ ಆ ದೇಶದ ವೀಸಾ ಪರವಾನಗಿ ಕೊಡಿಸುವ ಕೆಲಸ ಕುಮಟೆಯ ವಕೀಲನಾದ ನನ್ನ ಹೆಗಲಿಗೆ ಬಿತ್ತು. ಸಂದರ್ಶನ ವಿಡಿಯೋದಲ್ಲಿ, ನನ್ನ ಆಫೀಸಿನಿಂದಲೇ.

"ನಿಮ್ಮಷ್ಟು ಬಲ್ಲವರು ಬೇರೆ ಇಲ್ಲ ಅಂತ ಗಟ್ಟಿಯಾಗಿ ಹೇಳಿ ಸ್ವಾಮೀ. ಇಲ್ದಿದ್ರೆ ಅರ್ಜಿ ಬಿದ್ದು ಹೋಗ್ತದೆ" ಎಂದು ಮೊದಲೇ ಗಿಳಿಪಾಠ ಮಾಡಿಸಿದ್ದೆ.

ಪರದೆಯಲ್ಲಿದ್ದ ಆ ದೇಶದ ಅಧಿಕಾರಿ ಹೆಂಗಸು ಕೇಳಿದರು, "ನಿಮ್ಮ ವಿಶೇಷ ಸಾಧನೆ ಏನು?"

ಸ್ವಾಮಿಗಳು ನಕ್ಕರು. "ನನ್ನದೇನೂ ಇಲ್ಲ, ಎಲ್ಲ ಗುರುಗಳದ್ದು."

"ನಿಮ್ಮ ಬದಲು ಬೇರೆಯವರು ಕಲಿಸಬಹುದೇ?"

"ಧಾರಾಳವಾಗಿ!"

ನಾನು ಮೇಜಿನ ಕೆಳಗೆ ಅವರ ಕಾಲಿಗೆ ಒದ್ದೆ. ಒದ್ದ ಮೇಲೆ ಮಾಡಿದ ತಪ್ಪು ಹೊಳೆಯಿತು. ಯಾರಿಗೇ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ನಮ್ಮದು. ಇದು ಸ್ವಾಮಿಗಳ ಕಾಲು ಬೇರೆ! ಕರಿಕೋಟಿನ ಸಮೇತ ಬಗ್ಗಿ, ಪಾದ ಮುಟ್ಟಿ, ಎರಡೂ ಕಣ್ಣಿಗೊತ್ತಿಕೊಂಡೆ. ಅವರೋ, ರೂಢಿಯಂತೆ ಕೈಯೆತ್ತಿ ಹರಸಿಯೇಬಿಟ್ಟರು.

ನಾನು ಎದ್ದು ಕೂತಾಗ ಅಧಿಕಾರಿ ಕಣ್ಣರಳಿಸಿ ನೋಡುತ್ತಿದ್ದರು. "ನಿಮ್ಮ ವಕೀಲರೂ ನಿಮ್ಮ ಶಿಷ್ಯರೇ?"

ಸುಳ್ಳಾಡದ ಸ್ವಾಮಿಗಳು ಒಂದು ಕ್ಷಣ ಯೋಚಿಸಿದರು. "ಈಗಷ್ಟೇ ಆದರು."

ಪರವಾನಗಿ ಬಂತು. ಹೊರಡುವ ಮುಂಚೆ ಹೇಳಿ ಹೋಗಲು ಬಂದ ಸ್ವಾಮಿಗಳು ಅದೇ ಕುರ್ಚಿಯಲ್ಲಿ ಕೂತರು. ಆದರೆ ಈ ಸಲ ಎರಡೂ ಕಾಲನ್ನು ಮೇಲೆ ಮಡಚಿಟ್ಟುಕೊಂಡಿದ್ದರು.

"ಎಂತ ಸ್ವಾಮೀ, ಕಾಲು ನೋವಾ?"

"ಎಂತದೂ ಇಲ್ಲ ವಕೀಲರೇ. ಹೀಗೆ ಕೂತ್ರೆ ನಿಮಗೆ ನಮಸ್ಕಾರ ಮಾಡೋ ತ್ರಾಸು ತಪ್ತದೆ."