ಮೊಣಕಾಲಿನಲ್ಲಿದ್ದ ಸ್ಟೇಡಿಯಂ

ಪಕ್ಕದ ಮನೆಯವರ ಎಡ ಮೊಣಕಾಲಿನ ಕೆಳಗೆ, ಚರ್ಮದೊಳಗೇ, ಸಾಸಿವೆ ಕಾಳಿನಂಥ ಗಂಟುಗಳಿದ್ದವು. ಬೇಸಿಗೆಯಲ್ಲಿ ಚಡ್ಡಿ ಹಾಕಿಕೊಂಡು ಅವರು ಬೇಲಿ ಕತ್ತರಿಸಲು ನಿಂತರೆ ನಮ್ಮ ಅಡಿಗೆಮನೆಯ ಕಿಟಕಿಯಿಂದ ಕಾಣುತ್ತಿದ್ದವು. ನಾನು ಆಸ್ಪತ್ರೆಯ ಎಕ್ಸ್‌ರೇ ವಿಭಾಗದವಳು. ಯಾರ ಮೊಣಕಾಲು ಕಂಡರೂ ಸುಮ್ಮನಿರುವ ಪೈಕಿಯಲ್ಲ. ಪರಿಚಯವಾದ ಹೊಸದರಲ್ಲೇ ಅದೇನೆಂದು ಕೇಳಿಬಿಟ್ಟೆ. ಅವರು ಬಗ್ಗಿ, ಗಂಟುಗಳನ್ನು ಬೆರಳಿನಿಂದ ತಟ್ಟಿ, "ಇದು ನಮ್ಮ ದೇಶದ ರಾಷ್ಟ್ರೀಯ ಸ್ಟೇಡಿಯಂ. ಸ್ವಲ್ಪ ನನ್ನ ಜೊತೆಗೇ ಬಂದುಬಿಟ್ಟಿದೆ. ಏರ್‌ಪೋರ್ಟಿನಲ್ಲಿ ಯಾರೂ ಹಿಡಿಯಲಿಲ್ಲ" ಎಂದು ನಕ್ಕರು.

ಅವರದು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್. ರಾಜಧಾನಿ ಫ್ರೀಟೌನಿನ ಆ ಸ್ಟೇಡಿಯಮ್ಮಿನಲ್ಲಿ ಹರೆಯದಲ್ಲಿ ನಾನೂರು ಮೀಟರ್ ಓಡುತ್ತಿದ್ದರಂತೆ. ಅಭ್ಯಾಸದ ದಿನ ತಿರುವಿನಲ್ಲಿ ಜಾರಿ ಬಿದ್ದು ಮೊಣಕಾಲು ತರಚಿಹೋಗಿ, ಓಟದ ಹಾದಿಯ ಕರಿ ಹರಳು ಒಳಗೇ ಉಳಿದು, ಮೇಲೆ ಚರ್ಮ ಕೂಡಿಕೊಂಡಿತ್ತು. ಆಮೇಲೆ ಬರ್ಮಿಂಗ್‌ಹ್ಯಾಮಿಗೆ ಬಂದು ಬಸ್ಸಿನ ಡ್ರೈವರಾದರು, ಮದುವೆಯಾದರು, ಹೆಂಡತಿಯನ್ನು ಕಳೆದುಕೊಂಡರು, ನಿವೃತ್ತರಾದರು. ಅಲ್ಲಿನ ಹಾರ್ಬೋರ್ನ್ ಬಡಾವಣೆಯಲ್ಲಿ ನಾವು ಮನೆ ಕೊಂಡಾಗ ಪಕ್ಕದ ಮನೆಯಲ್ಲಿ ಅವರೊಬ್ಬರೇ ಇದ್ದರು. ಹಾಲು ತರಲು ಹೋಗುವಾಗಲೂ ಕೊರಳಲ್ಲಿ ಸ್ಟಾಪ್‌ವಾಚ್ ನೇತಾಡುತ್ತಿತ್ತು. ಶನಿವಾರ ಶನಿವಾರ ಹುಡುಗ ಹುಡುಗಿಯರಿಗೆ ಓಟ ಕಲಿಸುತ್ತಿದ್ದರು. ನಮ್ಮ ಮಗಳನ್ನೂ ಸೇರಿಸಿಕೊಂಡರು. ಧಾರವಾಡದಿಂದ ಬಂದು ನಮ್ಮ ಜೊತೆಗೇ ಇರುವ ನನ್ನ ಅವ್ವ ಅವರಿಗೆ 'ಓಟದ ಮಾಸ್ತರು' ಎಂದು ಹೆಸರಿಟ್ಟಳು. ಅವರು ಅವಳನ್ನು ನಮ್ಮಂತೆಯೇ 'ಅವ್ವಾ' ಎನ್ನುತ್ತಿದ್ದರು. ಆ ಎರಡು ಮಾತು ಬಿಟ್ಟರೆ ಇಬ್ಬರ ನಡುವೆ ಭಾಷೆಯಿರಲಿಲ್ಲ. ಉಳಿದದ್ದಕ್ಕೆಲ್ಲ ನಾನೇ ದುಭಾಷಿ.

ಸ್ಟೇಡಿಯಮ್ಮಿನ ಸುದ್ದಿ ತೆಗೆದರೆ ಅವರಿಗೆ ಚಹಾ ಆರಿದ್ದೂ ಗೊತ್ತಾಗುತ್ತಿರಲಿಲ್ಲ. ಅದು ಬರೀ ಓಟದ ಬಯಲಲ್ಲ. ಫುಟ್‌ಬಾಲು ಅಲ್ಲೇ, ಬಾಕ್ಸಿಂಗು ಅಲ್ಲೇ, ಈಜುಕೊಳವೂ ಅಲ್ಲೇ. ಸ್ವಾತಂತ್ರ್ಯ ದಿನದ ಕವಾಯತು, ಪಾದ್ರಿಗಳ ಪ್ರಾರ್ಥನಾ ಸಭೆ, ರಾಜಕಾರಣಿಗಳ ಭಾಷಣ, ಎಲ್ಲಕ್ಕೂ ಅದೇ. ಅಲ್ಲಿನ ಹಾಸ್ಟೆಲ್ಲಿನಲ್ಲಿ ಅವರು ಒಂದು ಕೋಣೆ ಹಿಡಿದಿದ್ದರು; ಮ್ಯಾಚಿನ ದಿನ ಚಪ್ಪಾಳೆಗೆ ಕೋಣೆಯ ಗೋಡೆ ನಡುಗುತ್ತಿತ್ತಂತೆ. ನಾನು ಇದನ್ನೆಲ್ಲ ಕನ್ನಡಕ್ಕೆ ತಂದು ಹೇಳಿದರೆ ಅವ್ವ ತಲೆದೂಗಿ, "ನಮ್ಮ ಕಡೆ ಮಠ ಇದ್ದಂಗೈತಿ ತಗೋ. ಸಾಲೀನೂ ಅಲ್ಲೆ, ಊಟಾನೂ ಅಲ್ಲೆ, ಲಗ್ನಾನೂ ಅಲ್ಲೆ" ಎಂದಳು. ಮಾಸ್ತರಿಗೆ ಆ ಹೋಲಿಕೆ ಬಹಳ ಹಿಡಿಸಿತು.

ಒಂದು ಸಂಗತಿಯನ್ನು ಮಾತ್ರ ಅವರು ನಗದೆ ಹೇಳಿದ್ದರು. ದೇಶದಲ್ಲಿ ಯುದ್ಧವಾದಾಗ ಊರು ಬಿಟ್ಟು ಓಡಿಬಂದವರೆಲ್ಲ ಆ ಸ್ಟೇಡಿಯಮ್ಮಿನಲ್ಲಿ ಆಶ್ರಯ ಪಡೆದಿದ್ದರು. ಅವರ ತಾಯಿ ಮತ್ತು ತಂಗಿ ಪ್ರೇಕ್ಷಕರ ಮೆಟ್ಟಿಲ ಮೇಲೆ ಚಾಪೆ ಹಾಸಿಕೊಂಡು ದಿನ ದೂಡಿದರು. ತಾಯಿ ಅಲ್ಲೇ ಜ್ವರ ಬಂದು ತೀರಿಕೊಂಡಳು. ಮಗ ಆಗ ಇಲ್ಲಿ ಬಸ್ಸು ಓಡಿಸುತ್ತಿದ್ದ. ಹೋಗುವ ದಾರಿಯೇ ಇರಲಿಲ್ಲ. "ನಾನು ಓಡುವುದನ್ನು ನನ್ನ ತಾಯಿ ಯಾವ ಮೆಟ್ಟಿಲಲ್ಲಿ ಕೂತು ನೋಡುತ್ತಿದ್ದಳೋ, ಅದರ ಹತ್ತಿರವೇ ಮಲಗಿದ್ದಳಂತೆ" ಎಂದು ಹೇಳಿ, ಲೋಟ ಕೆಳಗಿಟ್ಟು ಎದ್ದು ಹೋದರು.

ಸಂಜೆ ಅವರೂ ಅವ್ವನೂ ನಮ್ಮ ಮನೆಗಳ ಸಾಲನ್ನು ಸುತ್ತು ಹಾಕುತ್ತಿದ್ದರು. ಜೊತೆಯಲ್ಲಲ್ಲ. ಅವ್ವ ಗೇಟಿನಿಂದ ಬಲಕ್ಕೆ ಹೊರಡುವಳು. ಗುಡಿಯಾಗಲಿ ಬೀದಿಯಾಗಲಿ, ಅವಳಿಗೆ ಸುತ್ತು ಎಂದರೆ ಪ್ರದಕ್ಷಿಣೆಯೇ. ಮಾಸ್ತರು ಎಡಕ್ಕೆ ಹೊರಡುವರು, ಏಕೆಂದರೆ ಓಟದ ಹಾದಿಯಲ್ಲಿ ಎಲ್ಲರೂ ಎಡಕ್ಕೇ ತಿರುಗುವುದು. ಹೀಗಾಗಿ ಚರ್ಚಿನ ಹಿಂದಿನ ಮೂಲೆಯಲ್ಲಿ ಇಬ್ಬರೂ ಎದುರುಬದುರಾಗುವರು. "ಮಾಸ್ತರ!" "ಅವ್ವಾ!" ಇಷ್ಟೇ ಸಂಭಾಷಣೆ. ಒಮ್ಮೆ ಮಾಸ್ತರು ಕೈಸನ್ನೆ ಮಾಡಿ ಅವಳನ್ನು ತಮ್ಮ ದಿಕ್ಕಿಗೆ ಕರೆದರು. ಅವ್ವ ಕೆನ್ನೆ ಬಡಿದುಕೊಂಡು, "ಅಪ್ರದಕ್ಷಿಣಿ ಹಾಕ್ತಾರೇನ ಯಾರರ?" ಎಂದು ಬಲಕ್ಕೇ ನಡೆದಳು.

ಶನಿವಾರ ನನಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬೀಳುತ್ತಿತ್ತು, ಗಂಡನಿಗೆ ದೂರದ ಲಫ್‌ಬರೋ ಊರಿನಲ್ಲಿ ಕೆಲಸ. ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಓಡಿಸಿ, ಹೊಟ್ಟೆಗೆ ತಿನ್ನಿಸಿ ಕರೆತರುತ್ತಿದ್ದವರು ಅವರೇ. "ಗಡಿಯಾರ ನೋಡಬೇಡ, ತಿರುವು ನೋಡು" ಎನ್ನುವುದು ಅವರ ಪಾಠ. ಪ್ರತಿಫಲವೆಂದು ತೆಗೆದುಕೊಂಡದ್ದು ಅವ್ವ ಕುಟ್ಟಿದ ಶೇಂಗಾ ಚಟ್ನಿಪುಡಿಯೊಂದೇ. ಅದನ್ನು ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದರು. ಅವ್ವನಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಇನ್ನು ಅವ್ವನ ಒಂದು ಚಾಳಿ ಹೇಳಬೇಕು. ಅವಳೊಬ್ಬಳದಲ್ಲ, ನಮ್ಮ ಕಡೆಯವರೆಲ್ಲರದು. ಮನೆಗೆ ಬಂದವರು ಹೊರಟು ನಿಂತರೆ ನಾವು ಸುಮ್ಮನೆ ಕಳಿಸುವುದಿಲ್ಲ. ಕೈ ಹಿಡಿಯಬೇಕು, ಬಿಡುವುದಿಲ್ಲ ಎನ್ನಬೇಕು, ಚೀಲ ಕಸಿದುಕೊಳ್ಳಬೇಕು. ಹೊರಟವರೂ ಇಲ್ಲ ಇಲ್ಲ, ಹೋಗಲೇಬೇಕು ಎಂದು ಹಟ ಮಾಡಬೇಕು. ಒಂದಷ್ಟು ಹೊತ್ತು ಜಗ್ಗಾಡಿದ ಮೇಲೆ ಮನೆಯವರು ಸೋತಂತೆ ಮಾಡಿ ಬಿಟ್ಟುಕೊಡುವುದು, ಬಂದವರು ಗೆದ್ದಂತೆ ಮಾಡಿ ಹೊರಡುವುದು. ಹೋಗಬೇಡಿ ಎಂದು ಯಾರೂ ಹೇಳದ ಮನೆಗೆ ಎರಡನೇ ಸಲ ಹೋಗಲು ಮನಸ್ಸಾಗುವುದಿಲ್ಲ. ಅವ್ವ ಗ್ಯಾಸ್ ಮೀಟರ್ ನೋಡಲು ಬಂದವನನ್ನೂ ಊಟಕ್ಕೆ ಇರು ಎಂದು ತಡೆದವಳು.

ಹೋದ ವರ್ಷದ ಬೇಸಿಗೆಯ ಆರಂಭದಲ್ಲಿ ಮಾಸ್ತರು ಒಂದು ಸಂಜೆ ಹೊಸ ಟ್ರ್ಯಾಕ್‌ಸೂಟ್ ತೊಟ್ಟು ಬಂದರು. ಹಸಿರು, ಬಿಳಿ, ನೀಲಿ, ಅವರ ಬಾವುಟದ ಬಣ್ಣ. ಕುತ್ತಿಗೆಯ ಹಿಂದೆ ಬೆಲೆಚೀಟಿ ಇನ್ನೂ ತೂಗುತ್ತಿತ್ತು. ಊರಿನಲ್ಲಿ ಹಳೆಯ ಓಟಗಾರರೆಲ್ಲ ಸೇರುತ್ತಿದ್ದಾರಂತೆ. ಸ್ಟೇಡಿಯಮ್ಮಿನಲ್ಲಿ ಒಂದು ಸುತ್ತು, ಒಂದೇ ಒಂದು ಸುತ್ತು, ಎಲ್ಲರೂ ಜೊತೆಯಾಗಿ ನಡೆಯುವುದಂತೆ. "ಆಮೇಲೆ ಮೇಲೆ ಹತ್ತಿ ಆ ಮೆಟ್ಟಿಲಲ್ಲಿ ಕೂರುತ್ತೇನೆ" ಎಂದರು. ಯಾವ ಮೆಟ್ಟಿಲೆಂದು ನಾವು ಕೇಳಲಿಲ್ಲ. ಟಿಕೆಟ್ಟೂ ಆಗಿತ್ತು. ಅವರು ಹೋಗುವ ವಾರವೇ ನಮ್ಮ ಮಗಳಿಗೆ ಜಿಲ್ಲಾ ಮಟ್ಟದ ಓಟವಿತ್ತು. ಅದೊಂದು ತಪ್ಪಿಹೋಗುತ್ತದೆ ಎಂದು ಪೇಚಾಡಿದರು.

ಅವ್ವ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡಳು. "ಅದ್ಹೆಂಗ ಹೋಗ್ತೀರಿ ಮಾಸ್ತರ? ನೀವಿಲ್ಲದ ನನ್ನ ಮೊಮ್ಮಗಳು ಹೆಂಗ ಓಡ್ತಾಳ? ಹೋಗಬ್ಯಾಡ್ರಿ. ನಾ ಏನ್ ನಿಮ್ಮನ್ನ ಬಿಡಂಗಿಲ್ಲ."

ಅವರು ನನ್ನ ಮುಖ ನೋಡಿದರು. ನಾನು ಒಂದು ಶಬ್ದವನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.

"ಬಿಡುವುದಿಲ್ಲ ಅಂದರಾ?"

"ಹೌದು, ಬಿಡೋದೇ ಇಲ್ಲವಂತೆ" ಎಂದು ನಕ್ಕೆ.

ಮಾಸ್ತರು ನಗಲಿಲ್ಲ. ಅವ್ವನ ಕೈಯಲ್ಲಿದ್ದ ತಮ್ಮ ಕೈಗಳನ್ನೇ ನೋಡುತ್ತ ನಿಂತರು. ಈಗ ಅವರು ಇಲ್ಲ ಇಲ್ಲ ಎನ್ನಬೇಕಿತ್ತು, ಹಟ ಮಾಡಬೇಕಿತ್ತು, ಗೆಲ್ಲಬೇಕಿತ್ತು. ಆದರೆ ಆಟದ ಆ ಅರ್ಧ ಅವರಿಗೆ ಗೊತ್ತಿರಲಿಲ್ಲ, ಹೇಳಿಕೊಡಬೇಕೆಂದು ನನಗೆ ಹೊಳೆಯಲೂ ಇಲ್ಲ. ಅವರು ಬಗ್ಗಿ ಅವ್ವನ ಕೈಗಳನ್ನು ಹಣೆಗೆ ಒತ್ತಿಕೊಂಡು ಹೋದರು.

ಓಟದ ದಿನ ನೋಡಿದರೆ ಮಾಸ್ತರು ಮೈದಾನದ ಅಂಚಿನಲ್ಲಿ ನಿಂತಿದ್ದಾರೆ, ಕೊರಳಲ್ಲಿ ಸ್ಟಾಪ್‌ವಾಚ್. "ಅಯ್ಯೋ, ನೀವು ಹೋಗಲಿಲ್ಲವಾ?" ಎಂದೆ. "ಟಿಕೆಟ್ ಬಿಟ್ಟುಬಿಟ್ಟೆ. ಸ್ಟೇಡಿಯಂ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು. ಏನೋ ಕಾರಣವಿದ್ದೀತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಕಾರಣ ನನಗೆ ಬೇಕಾಗಿರಲಿಲ್ಲ. ಮುಂದಿನ ಶನಿವಾರಗಳ ಚಿಂತೆ ತಪ್ಪಿತಲ್ಲ ಎಂದು ಹಾಯೆನಿಸಿತು. ಆ ಹಾಯೆನಿಸಿದ್ದೇ ಈಗ ನನ್ನನ್ನು ಸುಡುತ್ತಿರುವುದು. ಮಗಳು ಅಂದು ಪದಕದ ಹತ್ತಿರವೂ ಸುಳಿಯಲಿಲ್ಲ. ಮಾಸ್ತರು ಅವಳ ಬೆನ್ನು ತಟ್ಟಿ ತಿರುವು ಚೆನ್ನಾಗಿತ್ತು ಎಂದರು.

ಚಳಿಗಾಲದಲ್ಲಿ ಅವರು ನಿದ್ದೆಯಲ್ಲೇ ಹೋದರು. ಯುದ್ಧ ಮುಗಿದ ಮೇಲೆ ಲೀಡ್ಸ್‌ಗೆ ಬಂದು ನೆಲೆಸಿದ್ದ ತಂಗಿ ಅಣ್ಣನಿಗೆ ಫೋನು ಮಾಡಿ ಮಾಡಿ, ಕಡೆಗೆ ನಮಗೆ ಮಾಡಿದರು. ನಮ್ಮ ಹತ್ತಿರ ಅವರ ಮನೆಯ ಬೀಗದಕೈ ಇತ್ತು. ಅದರ ವಿವರ ಬೇಡ. ಟ್ರ್ಯಾಕ್‌ಸೂಟಿನಲ್ಲೇ ಅವರನ್ನು ಮಣ್ಣು ಮಾಡಿದರು. ಅಲ್ಲಿ ನಿಂತಾಗ ನನಗೆ ಆ ಮೊಣಕಾಲೇ ನೆನಪಾಗುತ್ತಿತ್ತು. ಫ್ರೀಟೌನಿನ ಸ್ಟೇಡಿಯಮ್ಮಿನ ಆ ಚೂರುಗಳು ಬರ್ಮಿಂಗ್‌ಹ್ಯಾಮಿನ ಮಣ್ಣಿಗೆ ಸೇರಿಹೋದವು.

ಅವರಲ್ಲಿ ಸಾವಿನ ನಲವತ್ತನೆಯ ದಿನ ಹಿರಿಯರ ಹೆಸರಿನಲ್ಲಿ ಅಡಿಗೆ ಮಾಡಿ ಎಲ್ಲರಿಗೂ ಬಡಿಸುತ್ತಾರೆ. ಚರ್ಚಿನ ಸಭಾಂಗಣದಲ್ಲಿ ಊಟ. ತೀರಿಕೊಂಡವರಿಗೆಂದು ಮೊದಲು ಒಂದು ತಟ್ಟೆ ತೆಗೆದಿಟ್ಟಾಗ ಅವ್ವ, "ನಮ್ಮ ಎಡಿ ಇಟ್ಟಂಗ" ಎಂದು ಪಿಸುಗುಟ್ಟಿ ಕೈ ಮುಗಿದಳು. ತಂಗಿ ಅವ್ವನಿಗೆಂದೇ ಬೇರೆ ಬಾಣಲೆಯಲ್ಲಿ ಕಾಳಿನ ವಡೆ ಕರಿದು ತಂದಿದ್ದರು. ಅವ್ವ ಬಿಸಿಯಿರುವಾಗಲೇ ತಿಂದಳು. ಆಮೇಲೆ ತಂಗಿ ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡು ಮಾತನಾಡಿದರು. ಅಳುತ್ತಿರಲಿಲ್ಲ, ಮುಖದಲ್ಲಿ ಕೃತಜ್ಞತೆಯೇ ಇತ್ತು. ಮಾತು ಮುಗಿಯಿತು. ಅವ್ವ ನನ್ನ ಕಡೆ ತಿರುಗಿ, "ಏನಂದ್ಲ ಆಕಿ?" ಎಂದಳು.

ನಾನು ಮಾತನ್ನು ಮೊಟಕುಗೊಳಿಸಿದೆ. "ಅಣ್ಣನ್ನ ಚೆನ್ನಾಗಿ ನೋಡ್ಕೊಂಡ್ರಿ ಅಂದ್ಲ ಅವ್ವಾ."

ಮಗಳು ಎದುರಿಗೇ ಕೂತಿದ್ದಳು. ಕನ್ನಡದಲ್ಲಿ ಉತ್ತರ ಕೊಡುವ ಹುಡುಗಿಯಲ್ಲ, ಆದರೆ ಅರ್ಥವಾಗದೆ ಹೋಗುವುದು ಒಂದೂ ಇಲ್ಲ. "ನೋ ಅಮ್ಮಾ. ಟೆಲ್ ಹರ್ ಪ್ರಾಪರ್ಲಿ" ಎಂದಳು.

ಹೇಳಿದೆ. ತಂಗಿ ಹೇಳಿದ್ದು ಇದು: "ಅಣ್ಣ ಯಾಕೆ ಊರಿಗೆ ಹೋಗಲಿಲ್ಲವೆಂದು ನಾನು ಜಗಳವಾಡಿದ್ದೆ. 'ಅವ್ವ ನನ್ನ ಕೈ ಹಿಡಿದು ಹೋಗಬೇಡ ಅಂದರು, ಹೇಗೆ ಹೋಗಲಿ' ಅಂದ. 'ಹೆತ್ತ ತಾಯಿಯೇ ಹೋಗು, ಬದುಕಿಕೋ ಎಂದು ಕಳಿಸಿದಳು. ಈ ದೇಶದಲ್ಲಿ ಹೋಗು ಅಂದವರನ್ನು ಬೇಕಾದಷ್ಟು ಕಂಡೆ. ಹೋಗಬೇಡ ಅಂದವರು ಇವರೊಬ್ಬರೇ' ಅಂದ. ಬಹಳ ಸಂತೋಷವಾಗಿದ್ದ. ನಿಮಗೆ ದೇವರು ಒಳ್ಳೆಯದು ಮಾಡಲಿ."

ಅವ್ವ ತಟ್ಟೆ ಕೆಳಗಿಟ್ಟಳು. ತಂಗಿಯ ಕೈಯನ್ನು ಬಿಡಲಿಲ್ಲ. ಕಾರಿನಲ್ಲಿ ಬರುವಾಗ, ಸಿಗ್ನಲ್ಲಿಗೆ ನಿಂತಿದ್ದಾಗ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ನಾ ಎಲ್ಲಾರಿಗೂ ಹಂಗ ಅಂತೀನಲ್ಲವಾ."

ಆ ಮಾತೇ ನಮ್ಮ ಮನೆಯೊಳಗೆ ಹೊಕ್ಕು ಕೂತಿದೆ. ಅವರನ್ನು ಬೈದು ತಡೆದಿದ್ದರೆ, ಬೇಕೆಂದೇ ತಡೆದಿದ್ದರೆ, ಅದಕ್ಕೊಂದು ತೂಕವಾದರೂ ಇರುತ್ತಿತ್ತು. ಮೀಟರಿನವನಿಗೆ ಹೇಳಿದ ಮಾತನ್ನೇ ಅವರಿಗೂ ಹೇಳಿದೆವು, ಅವರು ಅದನ್ನು ನಂಬಿ ತಾಯಿಯ ಮೆಟ್ಟಿಲನ್ನೇ ಬಿಟ್ಟುಕೊಟ್ಟರು. ಅವ್ವನಿಗೆ ಒಂದು ಭಾಷೆ ಗೊತ್ತು, ಅವರಿಗೆ ಇನ್ನೊಂದು. ಎರಡೂ ಗೊತ್ತಿದ್ದವಳು ನಾನು. 'ಇದು ನಮ್ಮ ಉಪಚಾರ, ನೀವು ಧಾರಾಳವಾಗಿ ಹೋಗಿಬನ್ನಿ' ಎಂದು ಒಂದು ಮಾತು ಸೇರಿಸಿದ್ದರೆ ಸಾಕಿತ್ತು.

ಈಗ ನಮ್ಮ ಮನೆಗೆ ಬಂದವರು ಹೊರಟರೆ ಅವ್ವ "ಹೋಗಿ ಬರ್ರಿ" ಎಂದಷ್ಟೇ ಹೇಳುತ್ತಾಳೆ. ಬೇರೆ ಊರಿನಿಂದ ಬಂದಿದ್ದ ನಮ್ಮ ಕಡೆಯ ಹುಡುಗಿಯೊಬ್ಬಳು, ಅಜ್ಜಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದಳು.

ಚರ್ಚಿನ ಆ ಊಟದ ಮರುದಿನ ಸಂಜೆ ಅವ್ವ ಸ್ವೆಟರು, ಬೂಟು ಹಾಕಿಕೊಂಡು ಹೊರಟಳು. ಗೇಟಿನ ಹತ್ತಿರ ಒಂದು ಗಳಿಗೆ ನಿಂತು ಎಡಕ್ಕೆ ತಿರುಗಿದಳು. ನಾನು ಬಾಗಿಲಿಂದಲೇ, "ಅವ್ವಾ, ಆ ಕಡೆ ಯಾಕ?" ಎಂದು ಕೂಗಿದೆ.

"ಮಾಸ್ತರದ ಒಂದು ಸುತ್ತು ಉಳದೈತಲ್ಲ" ಎಂದಳು.

ನಾನು ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಹೋದೆ. ಚರ್ಚಿನ ಹಿಂದಿನ ಮೂಲೆ ಬಂದಾಗ ಅವ್ವ ನಿಂತಳು. ಎದುರಿನಿಂದ ಯಾರೂ ಬರಲಿಲ್ಲ.