ಮುಳುಗದ ಸೇತುವೆಯ ವಿಡಿಯೊ

ಆ ವಿಡಿಯೊ ತೆಗೆದವನು ನಾನೇ ಇರಬೇಕು. ಯಡೂರಿನ ನಮ್ಮ ಓಣಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಪ್ರತಿ ಮಳೆಗಾಲ ಅದು ತಪ್ಪದೆ ಬರುತ್ತದೆ. ಕೃಷ್ಣೆಯ ಮೇಲಿನ ತಗ್ಗು ಸೇತುವೆ ನೀರಿನಡಿ ಇದೆ, ಮೂಲೆಯಲ್ಲಿ ಒಂದು ಹೆಬ್ಬೆರಳು, ನೀರು ಬಂತೆಂದು ಮರಾಠಿಯಲ್ಲಿ ಕೂಗುವ ದನಿ: "ಆಲಂ ರೇ, ಪಾಣಿ ಆಲಂ." ಹೆಬ್ಬೆರಳು ನನ್ನದೇ, ಉಗುರಿನ ಸೀಳು ಹೇಳುತ್ತದೆ. ಆದರೆ ನನ್ನ ನೆನಪಿನಲ್ಲಿ ನಾನು ಕೂಗಿದ್ದು ಕನ್ನಡದಲ್ಲಿ. ಎಂ.ಎ. ಮಾಡಿದವನಿಗೂ ಹೆದರಿದಾಗ ಯಾವ ಭಾಷೆ ಬಾಯಿಗೆ ಬರುತ್ತದೆ ಎಂದು ಗೊತ್ತಿರುವುದಿಲ್ಲ.

ಹೋದ ಮಳೆಗಾಲ ಯಾರೋ ಅದರ ಕೆಳಗೆ "ಇಂದು ಬೆಳಗ್ಗೆ" ಎಂದು ಬರೆದು ಬಿಟ್ಟರು. ಊರ ಪುಢಾರಿಯೊಬ್ಬರು ತಮ್ಮ ಕೈಮುಗಿದ ಫೋಟೊ ಅಂಟಿಸಿ, "ಜನರ ಕಷ್ಟದಲ್ಲಿ ನಾವಿದ್ದೇವೆ" ಎಂದು ಮುಂದಕ್ಕೆ ಕಳಿಸಿದರು. ಅದು ಅಧಿಕಾರಿಗಳ ಗ್ರೂಪಿಗೂ ಹೋಯಿತು. ಒಣಗಿದ ಸೇತುವೆಗೆ ಬ್ಯಾರಿಕೇಡ್ ಬಿತ್ತು.

ಅಂದೇ ನಮ್ಮ ಚಿಗವ್ವನಿಗೆ ಚಿಕ್ಕೋಡಿಯಲ್ಲಿ ಅಂಗನವಾಡಿ ಕೆಲಸದ ಕಾಗದಪತ್ರ ಪರಿಶೀಲನೆ. ಮಧ್ಯಾಹ್ನದೊಳಗೆ ಮುಟ್ಟದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿನವಳಿಗೆ. ಸುತ್ತುದಾರಿಗೆ ಹೊತ್ತಿರಲಿಲ್ಲ. ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಪೊಲೀಸಿನವನು ಕೈ ಅಡ್ಡ ಹಿಡಿದ.

"ಸೇತುವೆ ಮುಳುಗೈತ್ರಿ. ಸಾಹೇಬ್ರ ಗ್ರೂಪ್‌ನ್ಯಾಗ ಬಂದೈತಿ."

ಆಗಲೇ ಕುರಿಹಿಂಡೊಂದು ಆಚೆಯಿಂದ ದಾಟಿ ಬಂತು.

"ಮುಳುಗಿದ್ರ ಈ ಕುರಿ ಹೆಂಗ ಬಂದ್ವೋ ಯಪ್ಪಾ?" ಎಂದಳು ಚಿಗವ್ವ.

"ಕುರಿಗೋಳು ಗ್ರೂಪ್‌ನ್ಯಾಗ ಇಲ್ಲಬೇ."

ನಾನು ಅಲ್ಲಿಯೇ ಹೊಸ ವಿಡಿಯೊ ತೆಗೆದು ಗ್ರೂಪಿಗೆ ಹಾಕಿದೆ. ಕ್ಷಣದಲ್ಲಿ ಉತ್ತರ ಬಂತು: "ಹಳೇ ವಿಡಿಯೊ ಹಾಕಿ ಜನರ ದಾರಿ ತಪ್ಪಸಬ್ಯಾಡ ಲೇ." ಮೊದಲಿನ ವಿಡಿಯೊ ಹಳೆಯದು, ತೆಗೆದವನು ನಾನೇ ಎಂದು ಪೊಲೀಸಿನವನಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಸುಳ್ಳು ಸುದ್ದಿಗೆ ಕೇಸ್ ಹಾಕುತ್ತಾರೆಂದು ಅದೇ ಗ್ರೂಪಿನಲ್ಲಿ ಓದಿದ್ದೆ.

"ಏನರ ಹೇಳೂದೈತೇನ್ರಿ?" ಎಂದ ಅವನು.

ಬಿಸಿಲಿನ ಬಗ್ಗೆ ಏನೋ ಹೇಳಿದೆ.

ಚಿಗವ್ವ ನನ್ನ ಮುಖ ನೋಡಿದಳು. ಫೈಲನ್ನು ಎದೆಗೊತ್ತಿಕೊಂಡು, ಬ್ಯಾರಿಕೇಡಿನ ಪಕ್ಕದಲ್ಲಿ ಕುರಿಗಳು ಬಂದ ಸಂದಿಯಿಂದಲೇ ಹೊರಟಳು. ಪೊಲೀಸಿನವನು ಮೊಬೈಲ್ ನೋಡುತ್ತಿದ್ದ. ಅದರಲ್ಲಿ ಸೇತುವೆ ಇನ್ನೂ ಮುಳುಗಿತ್ತು. ಆಚೆ ದಂಡೆಯಲ್ಲಿ ಟಂಟಂ ಆಟೊ ಸಿಕ್ಕಿತು, ಹೊತ್ತಿಗೆ ಸರಿಯಾಗಿ ಮುಟ್ಟಿದಳು, ಕೆಲಸವೂ ಆಯಿತು.

ಮೊನ್ನೆ ಅವಳು ನನ್ನ ಡೈರಿಯ ಆ ದಿನದ ಪುಟ ಓದಿದಳು. "ಪೊಲೀಸಿನವನಿಗೆ ನಿಜ ಹೇಳಿ ಚಿಗವ್ವನನ್ನು ದಾಟಿಸಿದೆ" ಎಂದು ಬರೆದಿದೆ, ಅಕ್ಷರ ನನ್ನದೇ.

"ಯಾವಾಗ?" ಎಂದು ಕೇಳಿ, ಪುಟ ತಿರುವಿದಳು.