ಸರ್ಮಿನ್‌ನ ಎಡಗನ್ನಡಿ

ಹಾಲೆಂಡಿನಲ್ಲಿರುವ ತಂಗಿ ಕಳಿಸಿದ ಸೈಕಲ್ ಕನ್ನಡಿಯನ್ನು ಸುರಿನಾಮ್ ದೇಶದ ಪರಮಾರಿಬೊ ಊರಿನ ಸರ್ಮಿನ್ ಹ್ಯಾಂಡಲಿನ ಎಡಕ್ಕೇ ಹಾಕಿಕೊಂಡ. ಹಾಲೆಂಡಿನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ಎಡಗನ್ನಡಿ ಸರಿ. ಸುರಿನಾಮಿನಲ್ಲಿ ಎಲ್ಲವೂ ಎಡಬದಿ. ಆದರೆ ಹಾಲೆಂಡಿನವರು ಮಾಡಿದ್ದೆಂದರೆ ಅವನಿಗೆ ವೇದವಾಕ್ಯ. ಹೀಗಾಗಿ ಕನ್ನಡಿ ತುಂಬ ಚರಂಡಿ, ಮನೆಗಳ ಜಗಲಿ.

"ಹಿಂದೆ ಬಸ್ ಬಂದ್ರೆ ಕಾಣುತ್ತೇನ್ರೀ?" ಎಂದಳು ಹೆಂಡತಿ ಪೊನಿರಾ.

"ಬಸ್ ಕಾಣಲ್ಲ ಕಣೇ. ಆಚೆ ಬೀದಿ ವಿಲ್ಮಾ ಮನೆ ಜಗಲೀಲಿ ಅವಳ ಹೊಸ ಅಳಿಯ ಕೂತಿದ್ದ, ಅದು ಕಾಣಿಸ್ತು."

"ಊರೋರ ಜಗಲಿ ಇಣುಕೋಕೆ ನಿಮಗೆ ಕನ್ನಡಿ ಬೇರೆ ಕೇಡು!" ಎಂದು ಅವಳೇ ಸ್ಪ್ಯಾನರ್ ಹಿಡಿದು ಅದನ್ನು ಬಲಕ್ಕೆ ಬಿಗಿದಳು.

ಸಂಜೆ ಸರ್ಮಿನ್ ಬೆವರು ಸುರಿಸುತ್ತ, ಸೈಕಲ್ ತಳ್ಳಿಕೊಂಡು ಬಂದ.

"ಯಾಕ್ರೀ, ಪಂಕ್ಚರಾ?"

"ಅಲ್ವೇ. ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಏನೇನು ಬರ್ತಿತ್ತು ಅಂತ ಇವತ್ತು ಗೊತ್ತಾಯ್ತು. ಇಳಿದು ನಡ್ಕೊಂಡೇ ಬಂದೆ."